ಎಂಟು ಕೊಡ ಸಿಹಿ ನೀರು

ಇಂಡಿಯಿಂದ ಅಗರಖೇಡದ ಕಡೆ ಹೋಗುವ ರಸ್ತೆಯಲ್ಲಿ ಮುರ್ತುಜಾಸಾಬರ ಮೋಟರ್ ವೈಂಡಿಂಗ್ ಅಂಗಡಿ ಇದೆ. ಅಂಗಡಿಯ ಹಿಂದೆ ಅವರ ಮನೆ, ಮನೆಯ ಪಕ್ಕದಲ್ಲಿ ನಾನು. ನಿಂಬೆ ತೋಟದವರ ಬೋರ್‌ವೆಲ್ ಮೋಟರು ಸುಟ್ಟಿತೆಂದರೆ ಟ್ರ್ಯಾಕ್ಟರ್ ಹತ್ತಿ ಇವರ ಬಾಗಿಲಿಗೆ ಬರುತ್ತದೆ. ಇವರು ಅದನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸಿ ತುಂಬುತ್ತಾರೆ. ಎಣಿಸುವಾಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ರೈತ ಬಿಸಿಲಲ್ಲಿ ನಿಂತು ನಾಲ್ಕು ಸಲ ಕೇಳಿದರೂ ಇಲ್ಲ. ಸೊಕ್ಕು ಎನ್ನುವವರಿದ್ದಾರೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ವಿದ್ಯಾವತಿ, ಕನ್ನಡ ಶಾಲೆಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಊರಿನವರು ನನ್ನನ್ನು ಅಕ್ಕಾರು ಎನ್ನುತ್ತಾರೆ. ಅಕ್ಕಾರ ಬಾಯಿ ಜೋರು ಎಂದೂ ಎನ್ನುತ್ತಾರೆ, ಅದು ಸುಳ್ಳಲ್ಲ. ಮೂವತ್ತೆರಡು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವಳಿಗೆ ತನ್ನ ತಪ್ಪು ಒಪ್ಪುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಮುರ್ತುಜಾಸಾಬರ ಬಗ್ಗೆ ಬರೆಯುತ್ತಿರುವುದಾದರೂ ಇದರಲ್ಲಿ ತಪ್ಪು ಮಾಡಿದವಳು ನಾನು.

ಅವರಿಗೆ ಮಶಾಕಸಾಬ ಎಂಬ ತಮ್ಮನಿದ್ದಾನೆ. ಮೊದಲು ಅಣ್ಣ ತಮ್ಮ ಕೂಡಿಯೇ ಅಂಗಡಿ ನಡೆಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ತಮ್ಮ ಒಂದು ಮೋಟರಿಗೆ ಸುತ್ತು ಕಡಿಮೆ ಹಾಕಿ, ಮೇಲೆ ವಾರ್ನಿಷ್ ಬಳಿದು ಮುಚ್ಚಿಬಿಟ್ಟ. ಅಣ್ಣ ಕೇಳಿದಾಗ ಪೂರಾ ಹಾಕಿದ್ದೇನೆ ಎಂದ. ಎಂಟು ದಿನ ಅದೇ ಅಣ್ಣನ ಎದುರು ಕೂತು ಉಂಡ. ಒಂಬತ್ತನೆಯ ದಿನ ಮೋಟರು ಬೋರಿನಲ್ಲೇ ಸುಟ್ಟು ಎಲ್ಲ ಹೊರಬಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಶಾಕಸಾಬ ಈಗ ಬಸವನ ಬಾಗೇವಾಡಿಯಲ್ಲಿ ತನ್ನದೇ ಅಂಗಡಿ ಇಟ್ಟುಕೊಂಡಿದ್ದಾನೆ. ಗೊಳಸಂಗಿಯಲ್ಲಿ ತಾಯಿ ತೀರಿಕೊಂಡಾಗ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಿ, ಬೇರೆ ಬೇರೆ ಬಸ್ಸು ಹತ್ತಿ ಹೋದರಂತೆ.

ನಾಲ್ಕು ಸುತ್ತು ತಂತಿಗೋಸ್ಕರ ಒಡಹುಟ್ಟಿದವನನ್ನೇ ಬಿಟ್ಟಿರಲ್ಲ ಎಂದು ಒಮ್ಮೆ ನಾನು ಅವರಿಗೆ ಬೈದದ್ದುಂಟು.

"ಸುತ್ತು ಕಡಿಮಿ ಹಾಕಿದ್ದಕ್ಕ ಅಲ್ಲರಿ ಅಕ್ಕಾರ," ಅಂದರು. "ಹಾಕೇನಿ ಅಂದಿದ್ದಕ್ಕ."

ಇಂಥ ಮನುಷ್ಯನಿಗೆ ಮೀನಿನ ಹುಚ್ಚು. ಅದು ಹತ್ತಿಕೊಂಡದ್ದು ಸೊಲ್ಲಾಪುರದಲ್ಲಿ. ತಂತಿ ತರಲು ಹೋದಾಗ ಪಕ್ಕದಲ್ಲೇ ಜುಲ್ಫಿಕರ ಎನ್ನುವವನ ಮೀನಿನ ಅಂಗಡಿ. ಅಲ್ಲಿ ನಿಂಬೆ ಹಣ್ಣಿನ ಬಣ್ಣದ ಬೆರಳುದ್ದದ ಮೀನುಗಳಿದ್ದವು. ಸಿಕ್ಲಿಡ್ ಎಂಬ ಜಾತಿ, ಆಫ್ರಿಕಾದ ಒಂದು ದೊಡ್ಡ ಸರೋವರದವು. ಆ ಸರೋವರದ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಅದಕ್ಕೇ ಗಿರಾಕಿಗಳು ನಳದ ನೀರಿಗೆ ಏನೇನೋ ಪುಡಿ ಬೆರೆಸಿ ಇವನ್ನು ಸಾಕಬೇಕಾಗುತ್ತದೆ ಎಂದು ಜುಲ್ಫಿಕರ ಹೇಳಿದ. ಮುರ್ತುಜಾಸಾಬರು, ನಮ್ಮ ಬೋರಿನ ನೀರು ಏನೂ ಬೆರೆಸದೆಯೇ ಹಾಗಿದೆಯಲ್ಲ ಎಂದು ಆರು ಮೀನು ತಂದರು.

ನಮ್ಮ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಕೊಡದ ಒಳಗೆ ವರ್ಷದಲ್ಲಿ ಒಂದು ಬಿಳಿ ಪದರ ಕಟ್ಟುತ್ತದೆ. ಸವಳು ನೀರು ಎಂದು ನಾವು ಅದಕ್ಕೆ ಮೂಗು ಮುರಿಯುತ್ತೇವೆ. ಕುಡಿಯುವುದಕ್ಕೆ ಹೊಳೆಯ ನೀರು, ಅದು ಎಂಟು ದಿನಕ್ಕೊಮ್ಮೆ ನಳದಲ್ಲಿ ಬರುತ್ತದೆ. ಅದೇ ಸಿಹಿ ನೀರು. ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆ ಮನೆಯಲ್ಲಿ ಜೋಪಾನ ಮಾಡುತ್ತೇವೆ. ಮನೆಗೆ ಬಂದವರಿಗೆ ಸಿಹಿ ನೀರು ಕೊಡಬೇಕು. ಸವಳು ನೀರು ಮುಂದಿಟ್ಟರೆ ಅವರು ತುಟಿ ತಾಗಿಸಿ ಕೆಳಗಿಡುತ್ತಾರೆ, ಆಮೇಲೆ ಬೀಗರೆದುರು ಆಡಿಕೊಳ್ಳುತ್ತಾರೆ. ನಮ್ಮ ಕಡೆ ಮರ್ಯಾದೆ ಎಂಬುದು ಒಂದು ತಂಬಿಗೆ ನೀರಿನಲ್ಲಿದೆ.

ಆ ಸವಳು ನೀರಿನಲ್ಲಿ ಮುರ್ತುಜಾಸಾಬರ ಮೀನುಗಳು ಹೂವಿನಂತೆ ಬೆಳೆದವು. ನಡುಮನೆಯಲ್ಲಿ ನಾಲ್ಕು ಅಡಿಯ ಗಾಜಿನ ತೊಟ್ಟಿ, ಒಳಗೆ ಹೊಲದಿಂದ ತಂದ ಕಲ್ಲುಗಳು. ಹಳದಿಯವು ಹದಿನಾಲ್ಕಾದವು. ಆಮೇಲೆ ನೀಲಿ ಪಟ್ಟೆಯ ಒಂದು ಜೋಡಿ ಬಂತು. ಈ ಜಾತಿಯ ತಾಯಿ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತಾಳೆ. ಮೂರು ವಾರಕ್ಕೂ ಮೇಲೆ ಬಾಯಿ ಬಿಡುವುದಿಲ್ಲ, ಒಂದು ಕಾಳೂ ತಿನ್ನುವುದಿಲ್ಲ. ಗಂಟಲು ಉಬ್ಬಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡವಳ ಹಾಗೆ ದವಡೆ ಆಡಿಸುತ್ತ ಕಲ್ಲಿನ ಸಂದಿಯಲ್ಲಿ ನಿಂತಿರುತ್ತಾಳೆ. ಮುರ್ತುಜಾಸಾಬರ ಹೆಂಡತಿ ನಜಮಾ ಅವಳನ್ನು ನೋಡಿ, "ಈಕಿ ರೋಜಾದಾಗ ಮಗ್ರಿಬ್ ಆಗೂದ ಇಲ್ಲ ನೋಡ್ರಿ" ಎಂದು, ಉಪವಾಸ ಬಿಡುವ ಸಂಜೆಯ ನಮಾಜೇ ಇವಳಿಗಿಲ್ಲವೆಂದು ನಗುತ್ತಿದ್ದಳು.

ಈ ನೀಲಿ ಹೆಣ್ಣು ಮೂರು ಸಲ ಮೊಟ್ಟೆ ಹಿಡಿದು ಮೂರು ಸಲವೂ ನಡುವೆಯೇ ನುಂಗಿಬಿಟ್ಟಿದ್ದಳು. ನಾಲ್ಕನೆಯ ಸಲ ಹಿಡಿದ ವಾರಕ್ಕೆ ಗಂಡು ಸತ್ತುಹೋಯಿತು. ಜುಲ್ಫಿಕರನ ಅಂಗಡಿಗೂ ಆ ಜಾತಿ ಬರುವುದು ನಿಂತಿತ್ತು. ಅವಳ ಬಾಯಲ್ಲಿದ್ದುದೇ ಕೊನೆಯ ಸಂತಾನ. ಮುರ್ತುಜಾಸಾಬರು ದಿನಕ್ಕೆ ಹತ್ತು ಸಲ ಅಂಗಡಿಯಿಂದ ಎದ್ದು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಸುತ್ತು ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಅಷ್ಟರಲ್ಲಿ ಮೇ ತಿಂಗಳು, ಮುದ್ದೇಬಿಹಾಳದಲ್ಲಿ ನಜಮಾಳ ಅಕ್ಕನ ಮಗಳ ಮದುವೆ. ಹೋಗದೆ ಇರುವಂತಿರಲಿಲ್ಲ. ಐದು ದಿನ. ಹೊರಡುವ ಬೆಳಿಗ್ಗೆ ಅವರು ನನ್ನ ಅಂಗಳಕ್ಕೆ ಬಂದು ಮನೆಯ ಚಾವಿ ಮುಂದೆ ಹಿಡಿದರು. ನಾನು ಅವರ ನೆರೆಯಲ್ಲಿದ್ದ ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಚಾವಿ ಬೇರೆಯವರ ಕೈಗೆ ಹೋದದ್ದು ನಾನು ಕಂಡಿರಲಿಲ್ಲ.

"ಮುಂಜಾನೆ ಒಂದ ಚಿಟಿಕಿ ಕಾಳು, ಸಂಜಿಗೆ ಒಂದ ಚಿಟಿಕಿ. ಮತ್ತೇನೂ ಮಾಡಾಕ ಹೋಗಬ್ಯಾಡ್ರಿ," ಅಂದರು. "ಏನರ ಆತಂದ್ರ ಫೋನ್ ಮಾಡ್ರಿ. ಹೊತ್ತಿಲ್ಲ ಗೊತ್ತಿಲ್ಲ, ಯಾವಾಗರ ಮಾಡ್ರಿ."

"ನನ್ನ ಸಣ್ಣ ಹುಡುಗಿ ಅನಕೊಂಡೀರೇನ್ರಿ ಸಾಬರ," ಅಂದೆ.

ಎರಡು ದಿನ ಚಿಟಿಕೆ ಲೆಕ್ಕದಲ್ಲಿಯೇ ನಡೆಯಿತು. ಮೂರನೆಯ ದಿನ ಶುಕ್ರವಾರ. ಬಿಸಿಲಿಗೆ ತೊಟ್ಟಿಯ ನೀರು ನಾಲ್ಕು ಬೆರಳು ಇಳಿದಿತ್ತು. ನೀರು ಸೋಸುವ ಯಂತ್ರ ಮೇಲೆ ಬಾಯಿ ಬಿಟ್ಟುಕೊಂಡು ಗೊರಗೊರ ಎನ್ನುತ್ತಿತ್ತು. ಕೆಳಗೆ ಹಸಿರು ಕಸ. ನೀಲಿ ಹೆಣ್ಣು ಹದಿನೆಂಟು ದಿನದ ಉಪವಾಸದಲ್ಲಿ ಬಡಕಲಾಗಿ, ತಲೆ ದೊಡ್ಡದಾಗಿ ಕಾಣುತ್ತಿದ್ದಳು. ನನಗೆ ಕನಿಕರ ಬಂತು. ಅದೇ ದಿನ ನಮ್ಮ ಓಣಿಗೆ ನಳ ಬಂದಿತ್ತು. ನನ್ನ ಕೊಡಗಳೆಲ್ಲ ತುಂಬಿ ತುಳುಕುತ್ತಿದ್ದವು. ಬಸುರಿ ಬಾಣಂತಿಗೆ ನಾವು ಸವಳು ನೀರು ಕೊಡುತ್ತೇವೆಯೇ ಎಂದುಕೊಂಡೆ.

ಪೈಪಿನಿಂದ ಅರ್ಧ ತೊಟ್ಟಿ ಖಾಲಿ ಮಾಡಿದೆ. ಕಲ್ಲಿನ ಕಸ ತೆಗೆದೆ. ನಮ್ಮ ಅಡುಗೆ ಮನೆಯಿಂದ ಒಂದೊಂದೇ ಕೊಡ ಹೊತ್ತು ತಂದು, ಎಂಟು ಕೊಡ ಸಿಹಿ ನೀರು ಸುರಿದೆ. ನೀರಿಗೆ ಔಷಧಿಯ ವಾಸನೆ ಸ್ವಲ್ಪ ಇತ್ತು. ಬೇಸಿಗೆಯಲ್ಲಿ ಬ್ಲೀಚಿಂಗ್ ಪುಡಿ ಹೆಚ್ಚು ಹಾಕುತ್ತಾರೆ, ಹಾಕಲೂ ಬೇಕು. ವಾಸನೆ ಬಂದರೆ ನೀರು ಶುದ್ಧವಾಗಿದೆ ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೆ. ಗಾಜು ಒರೆಸಿ, ಹಿಂದೆ ಸರಿದು ನೋಡಿದೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಬರು ಬಂದು ನೋಡಿ ಏನನ್ನುತ್ತಾರೆ ಎಂದು ಮನಸ್ಸಿನಲ್ಲೇ ಮಾತು ಕಟ್ಟಿಕೊಂಡೆ.

ಇಪ್ಪತ್ತು ನಿಮಿಷ ಕಳೆದಿರಬೇಕು. ಹಳದಿ ಮೀನುಗಳು ಒಂದೊಂದಾಗಿ ಮೇಲಕ್ಕೆ ಬಂದವು. ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಬಗಬ ಎನ್ನತೊಡಗಿದವು. ಸಿಹಿ ನೀರು ರುಚಿಸಿತು ಎಂದು ಒಂದು ಕ್ಷಣ ನನಗೆ ಖುಷಿಯಾಯಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಮೇಲೆ ಒಂದು ಮೀನು ಮಗ್ಗುಲಾಗಿ ತೇಲಿತು. ಇನ್ನೊಂದು ಗಾಜಿಗೆ ಡಿಕ್ಕಿ ಹೊಡೆದು ಸುತ್ತು ತಿರುಗಿತು. ಅವುಗಳ ಕಿವಿರು ರಕ್ತದ ಬಣ್ಣಕ್ಕೆ ತಿರುಗಿದ್ದವು.

ನೀಲಿ ಹೆಣ್ಣೂ ಮೇಲೆ ಬಂದಳು. ಉಳಿದವು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಮರಿಗಳು ಹೋಗುತ್ತವೆ. ಮೂತಿಯನ್ನು ನೀರಿನ ಅಂಚಿಗೆ ತಂದು, ಬಾಯಿ ಬಿಗಿಹಿಡಿದು, ಕಿವಿರನ್ನಷ್ಟೇ ಪಟಪಟ ಬಡಿಯುತ್ತಿದ್ದಳು.

ಫೋನ್ ಕೈಗೆತ್ತಿಕೊಂಡೆ. ಮುರ್ತುಜಾಸಾಬರ ಹೆಸರು ಮೊದಲೇ ಇತ್ತು. ಒತ್ತಲಿಲ್ಲ. ಏನೂ ಮಾಡಬೇಡಿ ಎಂದಿದ್ದರು, ನಾನು ಮಾಡಿದ್ದೆ. ಹೇಗೆ ಹೇಳುವುದು? ಮದುವೆ ಮನೆಯಲ್ಲಿ ಅವರಿಗೇಕೆ ಚಿಂತೆ ಹಚ್ಚುವುದು ಎಂದು ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ತೊಟ್ಟಿಯ ಪಕ್ಕದ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಜುಲ್ಫಿಕರನ ನಂಬರು ಬರೆದಿತ್ತು. ಅದಕ್ಕೆ ಹಚ್ಚಿದೆ. ಎತ್ತಲಿಲ್ಲ. ಶುಕ್ರವಾರದ ನಮಾಜಿಗೆ ಹೋಗಿದ್ದಾನೆಂದು ನನಗೆ ಹೊಳೆಯಲೂ ಇಲ್ಲ. ಮತ್ತೆ ಮತ್ತೆ ಹಚ್ಚಿದೆ.

ಅಷ್ಟರಲ್ಲಿ ಫೋನೇ ಬಡಿದುಕೊಂಡಿತು. ಮುರ್ತುಜಾಸಾಬರು. ಹಿಂದೆ ಮದುವೆ ಮನೆಯ ಗದ್ದಲ.

"ಅಕ್ಕಾರ, ಹೆಂಗ ಅದಾಳ್ರಿ ಆಕಿ?"

ಆಕೆ ನನ್ನ ಕಣ್ಣೆದುರಿಗೇ ಇದ್ದಳು. ಬೆನ್ನ ಮೇಲಿನ ನೀಲಿ ಬೂದಿಯಾಗುತ್ತಿತ್ತು.

"ಆರಾಮ ಅದಾಳ್ರಿ," ಅಂದೆ.

"ಬಾಯಿ ಬಿಟ್ಟಿಲ್ಲಲ್ಲ?"

"ಇಲ್ರಿ."

"ಆತು, ಆತು," ಎಂದರು. ದನಿಯಲ್ಲಿ ನೆಮ್ಮದಿ ಇತ್ತು. ಅವರು ಫೋನ್ ಇಟ್ಟ ಕೂಡಲೇ ಮತ್ತೆ ಜುಲ್ಫಿಕರನಿಗೆ ಹಚ್ಚಿದೆ.

ಜುಲ್ಫಿಕರ ಎತ್ತಿದ್ದು ಅರ್ಧ ತಾಸಿನ ನಂತರ. ಆಗಲೇ ಎರಡು ಹಳದಿ ಮೀನು ಸತ್ತಿದ್ದವು. ಆದದ್ದನ್ನೆಲ್ಲ ಅವನಿಗೆ ಹೇಳಿದೆ.

"ಅಕ್ಕಾರ, ನಳದ ನೀರು ಅವಕ್ಕ ವಿಷ ಇದ್ದಂಗ," ಅಂದ. "ಅದರಾಗಿನ ಕ್ಲೋರಿನ್ ಕಿವಿರು ಸುಡತೈತಿ. ಹೈಪೋ ಹರಳು ಹಾಕಿದ್ರ ಎರಡು ನಿಮಿಷದಾಗ ವಿಷ ಇಳೀತೈತಿ. ಮುರ್ತುಜಾಭಾಯಿ ಮನ್ಯಾಗ ಇರಬೇಕು, ಅವ್ರನ್ನ ಕೇಳ್ರಿ."

"ಅವ್ರ ಫೋನ್ ಹತ್ತವಲ್ತು," ಅಂದೆ. ಆ ದಿನದ ಎರಡನೆಯ ಸುಳ್ಳು. ಮೊದಲಿನದಕ್ಕಿಂತ ಸಲೀಸಾಗಿ ಬಂತು.

"ಹಂಗಾರ ಆ ನೀರು ತಗದು ಬೋರಿನ ನೀರು ಹಾಕ್ರಿ, ಲಗೂನ. ಮತ್ತ ಕೇಳ್ರಿ, ತಾಯಿ ಸತ್ರ ಬಿಟ್ಟಕೊಡಬ್ಯಾಡ್ರಿ. ಆ ಕ್ಷಣ ಬಾಯಿ ತಗದು ನೋಡ್ರಿ. ಹದಿನೆಂಟ ದಿನ ಅಂದ್ರ ಮರಿ ಆಗಿರತಾವು."

ಅಂಗಡಿಯ ಕಪಾಟು, ಅಡುಗೆ ಮನೆಯ ಡಬ್ಬಿ, ಕಿಟಕಿಯ ಮೇಲಿನ ಸೀಸೆ, ಎಲ್ಲ ತಡಕಾಡಿದೆ. ಹೈಪೋ ಸಿಗಲಿಲ್ಲ. ಹಿತ್ತಲಿನ ಸಿಮೆಂಟ್ ಟಾಕಿಯಲ್ಲಿ ಬೋರಿನ ನೀರಿತ್ತು. ಪೈಪಿನಿಂದ ತೊಟ್ಟಿ ಖಾಲಿ ಮಾಡುತ್ತ, ಹಿತ್ತಲಿನಿಂದ ಕೊಡ ಹೊರತೊಡಗಿದೆ. ಅರವತ್ಮೂರರ ಮೊಣಕಾಲು. ಎರಡು ಮೆಟ್ಟಿಲು ಇಳಿಯುವುದು, ಹತ್ತುವುದು. ನಾಲ್ಕನೆಯ ಕೊಡಕ್ಕೆ ಸೀರೆ ಪೂರ್ತಿ ತೊಯ್ದಿತ್ತು, ಆರನೆಯದಕ್ಕೆ ಜಾರಿ ಬಿದ್ದೆ, ಎದ್ದು ಮತ್ತೆ ತುಂಬಿದೆ. ಅಷ್ಟು ವರ್ಷ ಬೈದ ಆ ಸವಳು ನೀರನ್ನು ಒಂದು ಹನಿ ಚೆಲ್ಲದಂತೆ ಎದೆಗವುಚಿ ತಂದೆ. ಹೊರುವಾಗೆಲ್ಲ ಫೋನು ಸೊಂಟದಲ್ಲಿ ಒತ್ತುತ್ತಲೇ ಇತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಹಳದಿಯವು ಕೆಳಗಿಳಿದವು. ಹದಿನಾಲ್ಕರಲ್ಲಿ ಹನ್ನೊಂದು ಉಳಿದಿದ್ದವು. ನೀಲಿ ಹೆಣ್ಣು ಮಾತ್ರ ಕಲ್ಲಿನ ಮೇಲೆ ಒರಗಿದ್ದಳು. ಕಿವಿರು ಒಮ್ಮೆ ಅಲುಗಿತು, ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಆಮೇಲೆ ಅಲುಗಲಿಲ್ಲ. ಬಾಯಿ ಆಗಲೂ ಬಿಗಿದೇ ಇತ್ತು.

ನಮ್ಮ ಮನೆಯಲ್ಲಿ ಮೀನು ಹಾಗಿರಲಿ, ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಸಂತೆಯಲ್ಲಿ ಮೀನಿನ ಸಾಲು ಬಂದರೆ ಸೆರಗು ಮೂಗಿಗೆ ಹಚ್ಚಿ ದಾಟುವವಳು ನಾನು. ಒಂದು ಸ್ಟೀಲ್ ಪಾತೇಲಿಗೆ ಬೋರಿನ ನೀರು ತುಂಬಿ, ಕೈಯನ್ನು ಮೊಣಕೈವರೆಗೆ ತೊಟ್ಟಿಗಿಳಿಸಿ ಅವಳನ್ನು ಎತ್ತಿಕೊಂಡೆ. ತಣ್ಣಗೆ, ಜಾರುತ್ತ, ಅಂಗೈಯ ಅಳತೆಗೆ ಸರಿಯಾಗಿದ್ದಳು. ಪಾತೇಲಿಯ ನೀರಿನಲ್ಲಿ ಹಿಡಿದು, ನನ್ನ ಮುಡಿಯ ಪಿನ್ನು ತೆಗೆದು, ಅದರ ದುಂಡನೆಯ ತುದಿಯಿಂದ ತುಟಿ ಬಿಡಿಸಲು ನೋಡಿದೆ. ಬಾಯಿ ತೆರೆಯಲಿಲ್ಲ. ಸತ್ತ ಮೇಲೂ ಬಿಡಲೊಲ್ಲಳು. ನನಗೆ ಅಳು ಬಂತು. "ಬಿಡವಾ ಯವ್ವಾ," ಎಂದು ಹೇಳಿಕೊಳ್ಳುತ್ತ ಇನ್ನೊಮ್ಮೆ ಮೀಟಿದೆ.

ಬಾಯಿ ತೆರೆಯಿತು. ಮೊದಲು ಏನೂ ಬರಲಿಲ್ಲ. ತಲೆ ಕೆಳಗೆ ಮಾಡಿ ಮೆಲ್ಲಗೆ ಅಲ್ಲಾಡಿಸಿದಾಗ ಜೋಳದ ಕಾಳಿನಷ್ಟು ಒಂದು ಮರಿ ಹೊರಬಿತ್ತು. ಕಣ್ಣು ಎರಡು ಕಪ್ಪು ಚುಕ್ಕಿ, ಹೊಟ್ಟೆಗಂಟಿದ ಹಳದಿ ಚೀಲ. ಕೆಳಗೆ ಮುಳುಗಿತು. ಬಾಲ ಅಲುಗಿತು. ಆಮೇಲೆ ಒಂದರ ಹಿಂದೆ ಒಂದು ಬಂದವು. ಹದಿನೇಳು. ಆರು ಸತ್ತಿದ್ದವು, ಹನ್ನೊಂದು ಆಡುತ್ತಿದ್ದವು. ಗಾಳಿ ಬಿಡುವ ಸಣ್ಣ ಕೊಳವೆಯನ್ನು ಪಾತೇಲಿಗೆ ಹಾಕಿ, ಅದರ ಪಕ್ಕದಲ್ಲೇ ನೆಲಕ್ಕೆ ಕೂತೆ.

ಉಳಿದ ಎರಡು ದಿನ ನಾನು ಆ ಮನೆ ಬಿಟ್ಟು ಅಲುಗಲಿಲ್ಲ. ಸಾಬರು ದಿನಾ ಫೋನ್ ಮಾಡಿದರು. ದಿನಾ "ಆರಾಮ" ಎಂದೆ. ಒಂದು ಸಲ ಹೇಳಿದ ಮೇಲೆ ಅದನ್ನೇ ಹೇಳುತ್ತ ಹೋಗಬೇಕಾಗುತ್ತದೆ. ತಾಟಿಗೆ ಹಾಕಿಕೊಂಡ ರೊಟ್ಟಿ ಹಾಗೇ ಉಳಿಯಿತು. ಮಶಾಕಸಾಬ ಎಂಟು ದಿನ ಹೇಗೆ ಉಂಡನೋ ಎಂದು ಯೋಚಿಸಿದೆ. ಸಾಬರ ಆ ಉತ್ತರ ಕೇಳಿದ ಮೇಲೆ ನಾನೂ ಅವನನ್ನು ಮನಸ್ಸಿನಲ್ಲಿ ಬೈದಿದ್ದೆ.

ಭಾನುವಾರ ಸಂಜೆ ಅವರು ಬಂದರು. ಚಪ್ಪಲಿ ಬಿಡುವ ಮೊದಲೇ ಸಾಬರು ತೊಟ್ಟಿಯತ್ತ ನಡೆದರು. ಕಲ್ಲಿನ ಸಂದಿಯಲ್ಲಿ ಅವಳಿಲ್ಲ. ಪಕ್ಕದ ಪಾತೇಲಿಯಲ್ಲಿ ಮರಿಗಳಿದ್ದವು. ಕುಕ್ಕರಗಾಲಲ್ಲಿ ಕೂತು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

ನಜಮಾ ಅವರ ಹಿಂದೆ ಬಂದು ಬಾಗಿ ನೋಡಿದಳು. "ಮರಿ ಬಿಟ್ಟು ಸತ್ತಾಳ ನೋಡ್ರಿ. ಹದಿನೆಂಟು ಇಪ್ಪತ್ತ ದಿನ ಉಪಾಸ ಅಂದ್ರ ಸಣ್ಣ ಮಾತೇನ್ರಿ? ಅಕ್ಕಾರ ಏನ್ ಮಾಡ್ಯಾರು ಪಾಪ, ಅಷ್ಟರಾಗ ಮರಿ ಉಳಿಸ್ಯಾರಲ್ಲ."

ಸುಳ್ಳು ತಯಾರಾಗಿ, ಬಡಿಸಿದ ತಾಟಿನ ಹಾಗೆ ನನ್ನ ಮುಂದೆ ಬಂದಿತ್ತು. ನಾನು ಹೂಂ ಅನ್ನುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸಾಬರು ತಲೆ ಎತ್ತಿರಲಿಲ್ಲ. ನಾನು ಸುಮ್ಮನಿದ್ದೆ ಕೂಡ. ನಜಮಾ ಬ್ಯಾಗು ಒಳಗಿಟ್ಟು ಬಂದಳು.

"ಉಪಾಸಕ್ಕ ಅಲ್ಲರಿ," ಅಂದೆ. "ನಾನು ಸಿಹಿ ನೀರು ಹಾಕಿದೆ. ಎಂಟು ಕೊಡ. ಶುಕ್ರವಾರ ನೀವು ಫೋನ್ ಮಾಡಿದಾಗ ಆಕಿ ನನ್ನ ಕಣ್ಣ ಮುಂದ ಒದ್ದಾಡಾಕತ್ತಿದ್ಲು. ನಾನು ಆರಾಮ ಅದಾಳ ಅಂದೆ. ನಿನ್ನೇನೂ ಸುಳ್ಳು ಹೇಳಿದೆ, ಇವತ್ತ ಮುಂಜಾನೇನೂ ಹೇಳಿದೆ. ಹಳದಿವು ಮೂರು ಸತ್ತಾವು. ಮರಿ ಹನ್ನೊಂದಿದ್ವು, ನಿನ್ನೆ ಒಂದು ಹೋತು."

ನಜಮಾ ಸೆರಗನ್ನು ಬಾಯಿಗೆ ಹಿಡಿದಳು. ಮುರ್ತುಜಾಸಾಬರು ಪಾತೇಲಿಯನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು, ಮರಿಗಳನ್ನು ಎಣಿಸುತ್ತಿದ್ದರು. ಮಧ್ಯೆ ಮಾತಾಡಬಾರದು ಎಂದು ನನಗೆ ಗೊತ್ತಿತ್ತು. ಬಾಗಿಲ ಕಡೆ ತಿರುಗಿದೆ. ಇನ್ನು ಈ ಮನೆಗೆ ನನ್ನ ಕಾಲು ಬೀಳುವುದಿಲ್ಲ ಎಂದುಕೊಂಡೆ.

"ಹತ್ತ ಅದಾವ," ಅಂದರು ಹಿಂದಿನಿಂದ. "ನಿಂದರ್ರಿ ಅಕ್ಕಾರ."

ನಿಂತೆ. ಅವರು ತೊಟ್ಟಿಯ ಕೆಳಗಿದ್ದ ಪರದೆ ಸರಿಸಿ ಕೈ ಹಾಕಿದರು. ಒಂದು ಸೀಸೆ ತೆಗೆದರು. ಒಳಗೆ ಕಲ್ಲುಸಕ್ಕರೆಯಂಥ ಬಿಳಿ ಹರಳು.

"ಹೈಪೋ. ಬೋರು ಕೆಟ್ಟಾಗ ನಳದ ನೀರಿಗೆ ಬೇಕಾಗತೈತಂತ ಇಟ್ಟೇನಿ. ಇಲ್ಲೇ ಇತ್ತು." ಅವರ ದನಿ ಏರಲಿಲ್ಲ. "ನಾ ಫೋನ್ ಮಾಡಿದಾಗ ಹೇಳಿದ್ರ ಆಕಿ ಉಳೀತಿದ್ಲು."

ಸಮಾಧಾನದ ಮಾತು ಒಂದೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅವರು ಸೀಸೆಯ ಮುಚ್ಚಳ ತಿರುಗಿಸಿ, ನನ್ನ ಅಂಗೈ ಮುಂದೆ ಮಾಡಲು ಹೇಳಿ, ಹರಳುಗಳನ್ನು ಎಣಿಸಿ ಹಾಕಿದರು.

"ಕೊಡಕ್ಕ ನಾಕ ಹರಳು. ಎಂಟು ಕೊಡಕ್ಕ ಇಷ್ಟು. ಎಣಿಸಿ ನೋಡಿಕೊಳ್ರಿ," ಅಂದರು. "ಬರೂ ತಿಂಗಳ ನಾವು ಸಿಂದಗಿಗೆ ಹೋಗೂದೈತಿ. ಆಗ ಈ ಮರಿ ನಿಮ್ಮ ಕಡೆನ ಇರತಾವು."

ನಾನು ಅಂಗೈಯಲ್ಲಿದ್ದ ಹರಳನ್ನು ಎಣಿಸತೊಡಗಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು. ಮೂರನೆಯ ಸಲ ಮೂವತ್ತೆರಡು ಬರುವವರೆಗೂ ಮುರ್ತುಜಾಸಾಬರು ಸೀಸೆ ಹಿಡಿದುಕೊಂಡು ಕಾದರು.